ಮತ್ತೆ ನೋಡಬೇಕಾದ ಹಳೆಯ ಕನ್ನಡ ಸಿನಿಮಾಗಳು ಯಾವುವು?

ಚಿಕ್ಕಂದಿನಲ್ಲಿ ಟಿವಿಯಲ್ಲಿ ನೋಡಿದ ಕನ್ನಡ ಚಿತ್ರಗಳಲ್ಲಿ ಈಗ ಕೂತು ನೋಡಿದರೂ ಬೋರ್ ಹೊಡೆಸದವು ಯಾವುವು ಅಂತ ಕೇಳಿದ್ದೀರಿ. ಮಕ್ಕಳ ಜೊತೆ ನೋಡುವಂಥದ್ದೂ ಒಂದಿರಲಿ ಅಂದಿದ್ದೀರಿ.

ನಾನು ನೋಡುವುದು ಒಂದೇ ವಿಷಯ. ಕಥೆ ಪೂರ್ತಿ ಗೊತ್ತಿದ್ದರೂ, ಎರಡನೇ ಸಲ ನೋಡುವಾಗ ನಾನು ಬೇರೆ ಪಾತ್ರದ ಪರ ವಹಿಸುತ್ತೇನಾ? ಹಾಗಾದರೆ ಆ ಸಿನಿಮಾದಲ್ಲಿ ದಮ್ಮಿದೆ. ಹಾಡು ಚೆನ್ನಾಗಿದೆ ಅಂತಾದರೆ ಹಾಡು ಮಾತ್ರ ಕೇಳಿದರೆ ಸಾಕಲ್ವಾ?

ಈ ಲೆಕ್ಕದಲ್ಲಿ ನನ್ನ ಮಟ್ಟಿಗೆ ಮೊದಲು ನಿಲ್ಲುವುದು 1972ರ ‘ನಾಗರಹಾವು’. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರ. ಹುಡುಗರಾಗಿದ್ದಾಗ ನಮಗೆಲ್ಲ ರಾಮಾಚಾರಿಯೇ ಹೀರೋ. ವಿಷ್ಣುವರ್ಧನ್ ಕೋಟೆಯ ಬಂಡೆಗಳ ಮೇಲೆ ನಿಂತರೆ ಮುಗೀತು. ಚಾಮಯ್ಯ ಮೇಷ್ಟ್ರು ದೇವರಂಥವರು. ಈಗ ನೋಡಿದರೆ ಎದೆ ಝಲ್ ಅನ್ನುವುದು ಆ ಮೇಷ್ಟ್ರನ್ನು ಕಂಡೇ. ಊರಲ್ಲಿ ಯಾರ ಮಾತಿಗೂ ಬಗ್ಗದ ಹುಡುಗ ಅವರೊಬ್ಬರಿಗೆ ಬಗ್ಗುತ್ತಾನೆ. ಅವರು ಆ ಪ್ರೀತಿಯನ್ನೇ ಹಿಡಿದು, ಅವನು ಮನಸಾರೆ ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಅಂತಾರೆ. ಗದರಿಸಿ ಬಿಡಿಸಿದ್ದಲ್ಲ. ಅಶ್ವತ್ಥ್ ಅದನ್ನು ಎಷ್ಟು ಮೆತ್ತಗೆ, ಎಷ್ಟು ಅಕ್ಕರೆಯಿಂದ ಹೇಳುತ್ತಾರೆ ಅಂದರೆ ನಮಗೂ ಅದೇ ಸರಿ ಅನಿಸಿಬಿಡುತ್ತದೆ. ಮುಂದೆ ಅಲಮೇಲುವಿನ ಬಾಳು ಏನಾಯಿತು ಅಂತ ರಾಮಾಚಾರಿಗೆ ಗೊತ್ತಾಗುವ ದೃಶ್ಯದಲ್ಲಿ ಆರತಿಯವರ ಮುಖ ನೋಡಿ. ಆಮೇಲೆ ಅವನು ಪ್ರೀತಿಸುವ ಮಾರ್ಗರೆಟ್ ವಿಷಯದಲ್ಲೂ ಮೇಷ್ಟ್ರು ಅದೇ ಅಕ್ಕರೆ ಹೊತ್ತು ಬೆಟ್ಟ ಹತ್ತುತ್ತಾರೆ. ಅವರು ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ರಾಮಾಚಾರಿ ಯಾವತ್ತೋ ತಿರುಗಿಬೀಳುತ್ತಿದ್ದ.

ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಅವರೇ ಬೇಸರಪಟ್ಟುಕೊಂಡಿದ್ದರಂತೆ. ಕಾದಂಬರಿ ಓದಿದವರಿಗೆ ಆ ಮಾತು ಅರ್ಥವಾಗುತ್ತದೆ. ಆದರೂ ಜಯಂತಿ ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ಲುವ ಓಬವ್ವನ ಹಾಡಿಗಾಗಿ ನಾನು ಎಷ್ಟು ಸಲ ಬೇಕಾದರೂ ಕೂರುತ್ತೇನೆ. ಹಾಡು ಮಾತ್ರ ಕೇಳಿದರೆ ಸಾಕು ಅಂದದ್ದು ನಾನೇ, ಇರಲಿ ಬಿಡಿ.

ಎರಡನೆಯದು ಅದೇ ಪುಟ್ಟಣ್ಣನವರ ‘ಶರಪಂಜರ’, 1971. ತ್ರಿವೇಣಿಯವರ ಕಾದಂಬರಿ. ಹೆರಿಗೆಯ ನಂತರ ಕಾವೇರಿಯ ಮನಸ್ಸಿನ ಆರೋಗ್ಯ ಕೆಡುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ವಾಸಿಯಾಗಿ ಮನೆಗೆ ಬರುತ್ತಾಳೆ. ನಿಜವಾದ ಕಥೆ ಶುರುವಾಗುವುದು ಅಲ್ಲಿಂದ. ಅವಳು ನಕ್ಕರೂ ಅನುಮಾನ, ಸಿಟ್ಟು ಮಾಡಿಕೊಂಡರೂ ಅನುಮಾನ. ನೆಂಟರು ಬಂದು ಒಂಥರಾ ನೋಡಿ ಹೋಗುತ್ತಾರೆ. ಮೊದಲ ಸಲ ನೋಡಿದಾಗ ಎಲ್ಲರ ಕಣ್ಣೂ ಕಲ್ಪನಾ ಮೇಲೆಯೇ ಇರುತ್ತದೆ, ಇರಲೇಬೇಕು. ಎರಡನೇ ಸಲ ಗಂಡ ಸತೀಶನನ್ನು ಗಮನಿಸಿ. ಶುರುವಿನಲ್ಲಿ ಅವನು ಎಂಥಾ ಪ್ರೀತಿಯ ಗಂಡ! ಬೇಂದ್ರೆಯವರ ‘ಉತ್ತರಧ್ರುವದಿಂ ದಕ್ಷಿಣಧ್ರುವಕೂ’ ಹಾಡಿನಲ್ಲಿ ಗಂಗಾಧರ್ ಮುಖದಲ್ಲಿರುವುದು ಸುಳ್ಳಲ್ಲ. ಅಂಥವನೇ ಮನೆಗೆ ಬಂದ ಹೆಂಡತಿಯಿಂದ ದೂರ ಸರಿಯುತ್ತಾನೆ, ಆಫೀಸಿನ ಇನ್ನೊಬ್ಬಳ ಕಡೆ ವಾಲುತ್ತಾನೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಅವನಿಗೆ ಧೈರ್ಯ ಇಲ್ಲ, ಅಷ್ಟೇ. ‘ಹದಿನಾಲ್ಕು ವರ್ಷ ವನವಾಸದಿಂದ’ ಹಾಡು ಬರುವಾಗ, ಸೀತೆಯ ಕಥೆ ಗೊತ್ತಿರುವ ನಮಗೆ ಮುಂದಾಗುವುದು ಆಗಲೇ ಗೊತ್ತಾಗಿರುತ್ತದೆ. ಐವತ್ತು ವರ್ಷ ದಾಟಿದೆ. ಬಾಣಂತಿಯ ಖಿನ್ನತೆಯ ಬಗ್ಗೆ ನಮ್ಮ ಮನೆಗಳಲ್ಲಿ ಈಗಲೂ ಇಷ್ಟು ಬಾಯಿಬಿಟ್ಟು ಮಾತಾಡುವುದಿಲ್ಲ. ಒಂದೇ ಸಲಹೆ: ರಾತ್ರಿ ಮಲಗುವ ಮುಂಚೆ ಇದನ್ನು ಹಾಕಬೇಡಿ, ನಿದ್ದೆ ಬರಲ್ಲ.

‘ಪರಸಂಗದ ಗೆಂಡೆತಿಮ್ಮ’ (1978) ಹೆಸರು ಹೇಳಿದರೆ ಜನಕ್ಕೆ ‘ತೇರಾ ಏರಿ ಅಂಬರದಾಗೆ’ ನೆನಪಾಗುತ್ತದೆ. ಶ್ರೀಕೃಷ್ಣ ಆಲನಹಳ್ಳಿ ಅವರ ಕಾದಂಬರಿ, ಲೋಕೇಶ್ ಅಭಿನಯ. ಊರೂರು ತಿರುಗಿ ಸಾಮಾನು ಮಾರುವ ತಿಮ್ಮ, ಪೇಟೆಯ ರುಚಿ ಹತ್ತಿದ ಹೆಂಡತಿ ಮರಂಕಿ. ಸೋಪು, ಬಾಡಿ (ಒಳಕುಪ್ಪಸ) ಅಂತ ಅವಳು ಆಸೆಪಟ್ಟಿದ್ದಕ್ಕೆ ಊರಿಗೆ ಊರೇ ಉರಿದುಬೀಳುತ್ತದೆ. ಮೊದಲೆಲ್ಲ ಪಾಪ ತಿಮ್ಮ ಅನಿಸುತ್ತಿತ್ತು. ಈಗಲೂ ಪಾಪವೇ. ಆದರೆ ಮರಂಕಿ ಕೇಳಿದ್ದರಲ್ಲಿ ಏನು ಜಾಸ್ತಿಯಾಯಿತು ಅಂತ ಈಗ ನನಗೆ ತಿಳಿಯುವುದಿಲ್ಲ.

‘ಬಂಗಾರದ ಮನುಷ್ಯ’ ಹೇಳದಿದ್ದರೆ ಕಾಮೆಂಟಿನಲ್ಲಿ ಜನ ಬಿಡಲ್ಲ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ಚಿತ್ರ. ನೋಡಿ, ಚೆನ್ನಾಗಿದೆ. ಆದರೆ ರಾಜೀವ ಮೊದಲ ಸಲವೂ ಒಳ್ಳೆಯವನೇ, ಹತ್ತನೇ ಸಲವೂ ಒಳ್ಳೆಯವನೇ. ‘ಕಸ್ತೂರಿ ನಿವಾಸ’ದ ನಾಯಕ ಇವನಿಗಿಂತ ಒಂದು ಕೈ ಮೇಲು. ಕೊಟ್ಟು ಕೊಟ್ಟು ಬರಿಗೈ ಆದರೂ ನಿಲ್ಲಿಸಲ್ಲ. ಈಗ ನೋಡುವಾಗ, ಸಾಕು ಮಾರಾಯ, ಒಂದು ಸಲ ಇಲ್ಲ ಅಂತ ಹೇಳು ಅನಿಸುತ್ತದೆ. ಆ ಸಿಟ್ಟು ಬರುತ್ತದೆ ಅಂತಲೇ ಅದು ನನ್ನ ಪಟ್ಟಿಯಲ್ಲಿದೆ. 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಸಿಕ್ಕರೆ ಹಳೆಯ ಕಪ್ಪು ಬಿಳುಪಿನದೇ ನೋಡಿ. ಆ ಮನೆಯ ಕತ್ತಲೆ ಬಣ್ಣದಲ್ಲಿ ಕರಗಿಹೋಗಿದೆ.

ತಾಳ್ಮೆ ಇದ್ದರೆ ‘ಘಟಶ್ರಾದ್ಧ’. ಗಿರೀಶ್ ಕಾಸರವಳ್ಳಿಯವರ ಮೊದಲ ಕಥಾಚಿತ್ರ, 1977. ಬಸುರಾದ ಎಳೆಯ ವಿಧವೆಯ ಕಥೆ, ಆದರೆ ಎಲ್ಲವನ್ನೂ ನೋಡುವುದು ನಾಣಿ ಅನ್ನೋ ಹುಡುಗ. ಮಾತು ಕಡಿಮೆ. ಮೊಬೈಲ್ ಪಕ್ಕದ ಕೋಣೆಯಲ್ಲಿಟ್ಟು ಕೂತರೆ ಮಾತ್ರ ಒಳಗಿಳಿಯುತ್ತದೆ. ಇದರ ಪ್ರತಿಯನ್ನು ಶುಚಿಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರತಿ ಎಲ್ಲಾದರೂ ಪ್ರದರ್ಶನಕ್ಕೆ ಬಂದರೆ ರಜೆ ಹಾಕಿಯಾದರೂ ಹೋಗಿ.

ಇನ್ನು ಮಕ್ಕಳಿಗೆ. 1965ರ ‘ಸತ್ಯ ಹರಿಶ್ಚಂದ್ರ’ ಹಾಕಿ. ಹರಿಶ್ಚಂದ್ರನ ಗೋಳು ಅವರಿಗೆ ಅಷ್ಟಾಗಿ ಹತ್ತಲ್ಲ. ನಕ್ಷತ್ರಿಕನಾಗಿ ನರಸಿಂಹರಾಜು ಸಾಲ ವಸೂಲಿಗೆ ಬೆನ್ನುಬಿದ್ದು ಪೀಡಿಸುವುದು ಮಾತ್ರ ಪಕ್ಕಾ ಹಿಡಿಸುತ್ತದೆ. ಇದಕ್ಕೂ 2008ರಲ್ಲಿ ಬಣ್ಣ ಹಚ್ಚಿದ್ದಾರೆ. ಇಲ್ಲಿ ಮಾತ್ರ ನನ್ನ ತಕರಾರಿಲ್ಲ, ಕಪ್ಪು ಬಿಳುಪು ಅಂದರೆ ಮಕ್ಕಳು ಹತ್ತು ನಿಮಿಷಕ್ಕೇ ಎದ್ದು ಹೋಗುತ್ತಾರೆ.