ಗಡಿಯಾರ ಹುಡುಕಿದರೆ ಗಡಿಯಾರ ಸಿಗಬೇಕು

ನಮಸ್ಕಾರ. ಮೈಸೂರಿನ ಪಾರಂಪರಿಕ ಕಟ್ಟಡಗಳ ನಕ್ಷೆಯನ್ನ ವೆಬ್ ನಕ್ಷೆ ಮಾಡೋ ಕೋಡ್ ಸಂಗ್ರಹವಾದ ಲೀಫ್‌ಲೆಟ್‌ನಲ್ಲಿ ಮಾಡಿದ್ದೀರಿ, ಫೋನಿನಲ್ಲಿ ಗುರುತುಗಳು ಒಂದರ ಮೇಲೊಂದು ಬೀಳ್ತಿವೆ, ಹುಡುಕಿದ್ದೂ ಸಿಗ್ತಿಲ್ಲ ಅಂತ ಕೇಳಿದ್ದೀರಿ.

ಮೊದಲನೆಯದು ಸುಲಭ. ಮಾರ್ಕರ್‌ಕ್ಲಸ್ಟರ್ ಪ್ಲಗಿನ್ ಹಾಕಿ. ಹತ್ತಿರದ ಗುರುತುಗಳು ಗುಂಪಾಗಿ ಒಂದು ಸಂಖ್ಯೆ ಕಾಣುತ್ತೆ, ಒತ್ತಿದರೆ ಬಿಡಿಯಾಗುತ್ತೆ. ಐಕಾನ್ ಚಿಕ್ಕದಿದ್ದರೂ ಬೆರಳು ಒತ್ತುವ ಜಾಗ ಆಂಡ್ರಾಯ್ಡ್ ಮಾರ್ಗಸೂಚಿಯಂತೆ 48 ಡಿಪಿ (ಪರದೆ ಮೇಲಿನ ಅಳತೆಯ ಘಟಕ) ಇರಲಿ.

ನನಗೆ ಮುಖ್ಯ ಅನ್ನಿಸೋದು ಹುಡುಕಾಟ. ನೀವು 'ರಜತ ಮಹೋತ್ಸವ ಗಡಿಯಾರ ಗೋಪುರ' ಅಂತ ಬರೆದಿದ್ದೀರಿ. 1927ರ ಆ ಗೋಪುರದ ಹೆಸರು ಅದೇ ಸರಿ, ಆದರೆ ಊರವರು ಟೈಪ್ ಮಾಡೋದು 'ದೊಡ್ಡ ಗಡಿಯಾರ'. ದೇವರಾಜ ಮಾರುಕಟ್ಟೆ ಹತ್ತಿರದ ಡಫರಿನ್ ಗೋಪುರ ಎಲ್ಲರ ಬಾಯಲ್ಲೂ 'ಚಿಕ್ಕ ಗಡಿಯಾರ'. ಇಂಥ ಬಳಕೆಯ ಹೆಸರುಗಳನ್ನ, ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ರೂಪಗಳನ್ನ ಪ್ರತಿ ಜಾಗಕ್ಕೂ ಸೇರಿಸಿ. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪರ್ಯಾಯ ಹೆಸರಿಗೆ ಬೇರೆ ಟ್ಯಾಗೇ ಇದೆ. ಅಲ್ಲೂ ತುಂಬಿದರೆ ಮಿಕ್ಕವರ ನಕ್ಷೆಗೂ ಉಪಯೋಗ.

ಇನ್ನೊಂದು ಕಣ್ಣಿಗೆ ಕಾಣದ ತೊಡಕು. 'ಟೌನ್‌ಹಾಲ್' ಅಂತ ಬರೆಯುವಾಗ ನಕಾರಕ್ಕೆ ಹಕಾರ ಒತ್ತಾಗದಂತೆ ನಡುವೆ ಝಡ್‌ಡಬ್ಲ್ಯೂಎನ್‌ಜೆ ಅನ್ನೋ ಅಗೋಚರ ಅಕ್ಷರ ಕೂರುತ್ತೆ. ಹುಡುಕುವವರು ಅದಿಲ್ಲದೆ 'ಟೌನ್ಹಾಲ್' ಅಂತ ಬರೆದರೆ ಕಂಪ್ಯೂಟರಿಗೆ ಅದು ಬೇರೆಯೇ ಪದ. ಹೋಲಿಸುವ ಮೊದಲು ಎರಡೂ ಕಡೆಯಿಂದ ಅದನ್ನ ತೆಗೆದುಬಿಡಿ.

ಸರಿಮಾಡಿದ ಮೇಲೆ ಲಿಂಕ್ ಹಾಕಿ. ಮಂಡ್ಯದಲ್ಲಿರೋ ನಮ್ಮ ಅತ್ತೆಯವರ ಕೈಯಲ್ಲಿ ಹುಡುಕಿಸಿ, ಎಲ್ಲಿ ತಡವರಿಸಿದರು ಅಂತ ತಿಳಿಸ್ತೀನಿ.