ಒಂದೇ ನಿಮಿಷ ಉಳಿದ ಗ್ಯಾಟ್ಸ್‌ಬಿ

ಪ್ರಶ್ನೆ: ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿ ಓದಿದೆ, ಡಿಕಾಪ್ರಿಯೊ ನಟಿಸಿದ ಸಿನಿಮಾನೂ ನೋಡಿದೆ. ಎಷ್ಟೋ ವರ್ಷ ಹಿಂದೆ ಇದೇ ಕಥೆ ಮೂಕಿ ಚಿತ್ರವಾಗಿತ್ತಂತೆ. ಅದನ್ನು ಎಲ್ಲಿ ನೋಡಬಹುದು?
– ಓದುಗರೊಬ್ಬರು, ಧಾರವಾಡ

ಉತ್ತರ: ಎಲ್ಲೂ ಸಿಗುವುದಿಲ್ಲ. ಹೀಗೆ ಬರೆಯುವಾಗ ನನಗೂ ಸಂಕಟವಾಗುತ್ತದೆ.

ಕಾದಂಬರಿ ಬಂದದ್ದು 1925ರಲ್ಲಿ. ಮರುವರ್ಷವೇ ಸಿನಿಮಾ ಆಯಿತು. ನಿರ್ದೇಶಕ ಹರ್ಬರ್ಟ್ ಬ್ರೆನನ್, ಗ್ಯಾಟ್ಸ್‌ಬಿಯಾಗಿ ವಾರ್ನರ್ ಬ್ಯಾಕ್ಸ್‌ಟರ್, ಡೇಸಿಯಾಗಿ ಲೋಯಿಸ್ ವಿಲ್ಸನ್. ಈಗ ಉಳಿದಿರುವುದು ಅದರ ಟ್ರೇಲರ್ ಮಾತ್ರ, ಅದೂ ಸುಮಾರು ಒಂದು ನಿಮಿಷದ್ದು. ಅಂತರ್ಜಾಲದಲ್ಲಿ ಸಿಗುತ್ತದೆ, ಖಂಡಿತ ನೋಡಿ. ಪಾರ್ಟಿಯ ಗದ್ದಲ ಕಾಣುತ್ತದೆ, ಇನ್ನೇನು ಒಂದು ಮುಖ ಗುರುತು ಹಿಡಿಯಬೇಕು ಅನ್ನುವಷ್ಟರಲ್ಲಿ ಮುಗಿದೇಹೋಗುತ್ತದೆ.

ಕಾದಂಬರಿಕಾರ ಫಿಟ್ಜ್‌ಜೆರಾಲ್ಡ್ ಮತ್ತು ಹೆಂಡತಿ ಜೆಲ್ಡಾ ಸಿನಿಮಾ ನೋಡಲು ಹೋಗಿ ಅರ್ಧಕ್ಕೇ ಎದ್ದು ಬಂದರು. ತೀರಾ ಕೆಟ್ಟದಾಗಿದೆ ಎಂದು ಜೆಲ್ಡಾ ಮಗಳಿಗೆ ಪತ್ರ ಬರೆದರು. ಇರಬಹುದು. ಆದರೂ ಅದು ನಮಗೆ ಬೇಕಿತ್ತು. ಆಮೇಲೆ ಈ ಕಥೆಯನ್ನು ಸಿನಿಮಾ ಮಾಡಿದವರೆಲ್ಲ ಆ ಕಾಲದ ಬಟ್ಟೆ, ಕಾರು, ಕುಣಿತ ಎಲ್ಲವನ್ನೂ ಹುಡುಕಿ ಹೊಂದಿಸಬೇಕಾಯಿತು, 1926ರವರು ಸುಮ್ನೆ ಕಿಟಕಿಯಿಂದ ಹೊರಗೆ ನೋಡಿದರೆ ಸಾಕಿತ್ತು, ಅಲ್ವಾ?

ಹೇಗೆ ಕಳೆದುಹೋಯಿತು ಎಂದು ಕೇಳುತ್ತೀರೇನೋ. ಆಗಿನ ರೀಲು ನೈಟ್ರೇಟಿನದು, ಬೇಗ ಬೆಂಕಿ ಹಿಡಿಯುತ್ತಿತ್ತು, ಇಟ್ಟಲ್ಲೇ ಕೊಳೆಯುತ್ತಿತ್ತು. ಟಾಕಿ ಬಂದಮೇಲೆ ಮೂಕಿಗೆ ಬೆಲೆಯೇ ಇಲ್ಲವಾಯಿತು. ಎಷ್ಟೋ ರೀಲುಗಳನ್ನು ಅದರೊಳಗಿನ ಬೆಳ್ಳಿಗಾಗಿ ಕರಗಿಸಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿದಾಗ ಅಲ್ಲಿನ ಸುಮಾರು 11,000 ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲೇ ಪೂರ್ತಿ ಉಳಿದಿದ್ದು ಶೇ. 14 ಮಾತ್ರ.

ಪ್ರಶ್ನೆ: ನಮ್ಮ ದೇಶದಲ್ಲಿ ಕಾದಂಬರಿಯಿಂದ ಮಾಡಿದ ಮೂಕಿ ಚಿತ್ರ ಒಂದಾದರೂ ಉಳಿದಿದೆಯೇ?
– ಇನ್ನೊಬ್ಬ ಓದುಗರು, ಮಂಗಳೂರು

ಉತ್ತರ: ಉಳಿದಿದೆ, ಅದೂ ನಿಮ್ಮ ಪಕ್ಕದ ಕೇರಳದ್ದು. ಸಿ.ವಿ. ರಾಮನ್ ಪಿಳ್ಳೆ ಅವರ ‘ಮಾರ್ತಾಂಡ ವರ್ಮ’ ಕಾದಂಬರಿ 1933ರಲ್ಲಿ ತೆರೆಗೆ ಬಂತು. ಹಕ್ಕು ನಮ್ಮದು ಎಂದು ಪುಸ್ತಕದ ಪ್ರಕಾಶಕರಾದ ಕಮಲಾಲಯ ಬುಕ್ ಡಿಪೊದವರು ಕೋರ್ಟಿಗೆ ಹೋದರು, ಪ್ರದರ್ಶನ ನಿಂತಿತು. ನಿರ್ಮಾಪಕರಿಗೆ ದೊಡ್ಡ ಪೆಟ್ಟು. ಆದರೆ ರೀಲು ಪ್ರಕಾಶಕರ ಕೈಸೇರಿ ಅಲ್ಲೇ ಉಳಿಯಿತು. ಊರೂರು ಸುತ್ತಿ ಸವೆಯಲಿಲ್ಲ. 1974ರಲ್ಲಿ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನವರು ಅದನ್ನು ಪಡೆದುಕೊಂಡರು.

ನಮ್ಮ ಕೈಲಾಸಂ ನಟಿಸಿದ್ದ ‘ವಸಂತಸೇನಾ’ಕ್ಕೆ ಆ ಭಾಗ್ಯ ಸಿಗಲಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ರೀಲಿನ ಡಬ್ಬಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮೊದಲು ಪುಣೆಗೆ ಒಂದು ಮಾತು ತಿಳಿಸಿ.