ಎಂಎಂಯು (ಮೆಮೊರಿ ವಿಳಾಸಗಳನ್ನು ಹೊಂದಿಸಿಕೊಡುವ ಘಟಕ) ಇಲ್ಲದ ಚಿಪ್‌ನಲ್ಲಿ ಲಿನಕ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಬಳಿ ಆರ್ಡುಯಿನೊ ಊನೊ, ಹಳೆಯ ಇಎಸ್‌ಪಿ32 ಮತ್ತು ರಾಸ್ಪ್‌ಬೆರಿ ಪೈ ಪಿಕೊ ಬೋರ್ಡುಗಳಿವೆ. ಇವುಗಳಲ್ಲಿ ಯಾವುದಕ್ಕಾದರೂ ಲಿನಕ್ಸ್ ಹಾಕಬಹುದೇ? ಇಎಸ್‌ಪಿ32 ಚಿಪ್‌ನ 240 ಮೆಗಾಹರ್ಟ್ಜ್ ವೇಗ ಸಾಲದೇ?

ಉತ್ತರ: ವೇಗದ ಮಾತು ಆಮೇಲೆ, ಮೊದಲು ರ‍್ಯಾಮ್ ನೋಡಿ. 180 ಮೆಗಾಹರ್ಟ್ಜ್ ಚಿಪ್‌ನಲ್ಲೂ ಲಿನಕ್ಸ್ ಕರ್ನಲ್ (ಅದರ ತಿರುಳು) ತಕರಾರಿಲ್ಲದೆ ಓಡುತ್ತದೆ. ಆದರೆ ರ‍್ಯಾಮ್ 8 ಎಂಬಿಗಿಂತ ಕಡಿಮೆಯಾದರೆ, ಶೆಲ್ (ಆಜ್ಞೆ ಬರೆಯುವ ಜಾಗ) ಬಂದರೂ ಅದರಲ್ಲಿ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಊನೊದಲ್ಲಿರುವುದು 2 ಕೆಬಿ ರ‍್ಯಾಮ್. ಹಳೆಯ ಇಎಸ್‌ಪಿ32 ಒಳಗೆ 520 ಕೆಬಿ ಇದೆ. ಹೊರಗೆ ಪಿಎಸ್‌ರ‍್ಯಾಮ್ (ಹೆಚ್ಚುವರಿ ರ‍್ಯಾಮ್ ಚಿಪ್) ಜೋಡಿಸಿದರೂ ಒಮ್ಮೆಗೆ ನೇರವಾಗಿ ವಿಳಾಸಕ್ಕೆ ಸಿಗುವುದು 4 ಎಂಬಿ ಮಾತ್ರ. ಪಿಕೊದ ಆರ್‌ಪಿ2040 ಚಿಪ್‌ನಲ್ಲಿ 264 ಕೆಬಿ. ಹೊರಗಿನ ರ‍್ಯಾಮನ್ನು ಅದರ ವಿಳಾಸ ನಕ್ಷೆಗೆ ಸೇರಿಸುವ ವ್ಯವಸ್ಥೆಯೇ ಇಲ್ಲ. ಹಾಗಾಗಿ ಮೂರರಲ್ಲೂ ನೇರವಾಗಿ ಓಡಿಸುವ ಆಸೆ ಬಿಡಿ.

ಎಮ್ಯುಲೇಟರ್ (ಬೇರೊಂದು ಪ್ರೊಸೆಸರನ್ನು ಅನುಕರಿಸುವ ಪ್ರೋಗ್ರಾಂ) ಮೂಲಕ ಓಡಿಸುವುದು ಬೇರೆ ವಿಷಯ. 2012ರಲ್ಲಿ ದ್ಮಿತ್ರಿ ಗ್ರಿನ್‌ಬರ್ಗ್ ಎಂಬವರು 8 ಬಿಟ್‌ನ ಎಟಿಮೆಗಾ1284ಪಿ ಚಿಪ್‌ಗೆ ಹಳೆಯ ಕಂಪ್ಯೂಟರಿನ 16 ಎಂಬಿ ಸಿಮ್ (ರ‍್ಯಾಮ್ ಪಟ್ಟಿ) ಜೋಡಿಸಿ, ಎಆರ್‌ಎಂ ಎಮ್ಯುಲೇಟರ್ ಬರೆದು ಲಿನಕ್ಸ್ ಬೂಟ್ ಮಾಡಿದ್ದರು. ಶೆಲ್ ಬರಲು ಸುಮಾರು ಎರಡು ಗಂಟೆ ಹಿಡಿಯುತ್ತಿತ್ತು! ಪಿಕೊಗೂ ಎಸ್‌ಪಿಐ ಪಿಎಸ್‌ರ‍್ಯಾಮ್ ಚಿಪ್ ಜೋಡಿಸಿ ರಿಸ್ಕ್-ವಿ ಎಂಬ ಪ್ರೊಸೆಸರ್ ಮಾದರಿಯ ಎಮ್ಯುಲೇಟರ್ ಓಡಿಸುವವರಿದ್ದಾರೆ. ಕಲಿಕೆಗೆ ಸೊಗಸಾದ ಕಸರತ್ತು, ಕೆಲಸಕ್ಕೆ ಬಾರದು.

ಹೊಸದಾಗಿ ಕೊಳ್ಳುವುದಿದ್ದರೆ ಮೂರು ದಾರಿಗಳಿವೆ. ಎಸ್‌ಟಿಎಂ32ಎಫ್429 ಡಿಸ್ಕವರಿ ಬೋರ್ಡ್‌ನಲ್ಲಿ 2 ಎಂಬಿ ಫ್ಲ್ಯಾಶ್, 8 ಎಂಬಿ ಎಸ್‌ಡಿರ‍್ಯಾಮ್ ಇದೆ. ಎಸ್‌ಟಿಎಂ32ಎಫ್469 ಡಿಸ್ಕವರಿಯಲ್ಲಿ 16 ಎಂಬಿ ಎಸ್‌ಡಿರ‍್ಯಾಮ್ ಜೊತೆಗೆ ಮೈಕ್ರೊಎಸ್‌ಡಿ ಕಿಂಡಿಯೂ ಉಂಟು. ಮೂರನೆಯದು 8 ಎಂಬಿ ಪಿಎಸ್‌ರ‍್ಯಾಮ್ ಇರುವ ಇಎಸ್‌ಪಿ32-ಎಸ್3. ದುಡ್ಡು ಅಡ್ಡ ಬರದಿದ್ದರೆ ನಮ್ಮ ಸಲಹೆ ಎಫ್469. ಪಿಕೊ ವಂಶದ್ದೇ ಬೇಕೆಂದರೆ ಆರ್‌ಪಿ2350 ಚಿಪ್‌ಗೆ ಎರಡನೇ ಚಿಪ್-ಸೆಲೆಕ್ಟ್ (ಚಿಪ್ ಆರಿಸುವ ಪಿನ್) ಮೂಲಕ ಪಿಎಸ್‌ರ‍್ಯಾಮ್ ಜೋಡಿಸಬಹುದು, ಅದರ ರಿಸ್ಕ್-ವಿ ಕೋರ್‌ಗಳ ಮೇಲೆ ಲಿನಕ್ಸ್ ಓಡಿದೆ. ಆದರೆ ಸಾಮಾನ್ಯ ಪಿಕೊ 2 ಬೋರ್ಡ್‌ನಲ್ಲಿ ಪಿಎಸ್‌ರ‍್ಯಾಮ್ ಇರುವುದಿಲ್ಲ. ಸ್ಪಾರ್ಕ್‌ಫನ್ ಪ್ರೊ ಮೈಕ್ರೊ ಆರ್‌ಪಿ2350 ಥರದ, 8 ಎಂಬಿ ಕೂಡಿಸಿಯೇ ಕೊಡುವ ಬೋರ್ಡ್ ಹುಡುಕಿ.

ಪ್ರಶ್ನೆ: ಎಫ್429 ಡಿಸ್ಕವರಿಗೆ ಬಿಲ್ಡ್‌ರೂಟ್ (ಲಿನಕ್ಸ್ ಕಟ್ಟಿಕೊಡುವ ಸಾಧನ) ಬಳಸಿ ಇಮೇಜ್ ಕಟ್ಟಿ ಫ್ಲ್ಯಾಶ್ ಮಾಡಿದೆ. ದೋಷವೇನೂ ತೋರಿಸಲಿಲ್ಲ, ಆದರೆ ಟರ್ಮಿನಲ್‌ನಲ್ಲಿ ಒಂದಕ್ಷರವೂ ಬರುತ್ತಿಲ್ಲ. ಎಲ್ಲಿಂದ ಹುಡುಕಲಿ?

ಉತ್ತರ: ತಂತಿಯಿಂದ. ಈ ಬೋರ್ಡ್‌ನಲ್ಲಿ ಕನ್ಸೋಲ್ ಇರುವುದು ಯುಸಾರ್ಟ್1 ಎಂಬ ಸೀರಿಯಲ್ ಪೋರ್ಟ್‌ನಲ್ಲಿ: ಪಿಎ9 ಕಳಿಸುವ ಪಿನ್, ಪಿಎ10 ಪಡೆಯುವ ಪಿನ್, ವೇಗ 115200. ಡಿಸ್ಕ್1 ಎಂಬ ಹೆಸರಿನ ಹೊಸ ಆವೃತ್ತಿಯಲ್ಲಿ ಎಸ್‌ಟಿ-ಲಿಂಕ್ ಯುಎಸ್‌ಬಿ ಕೇಬಲ್ ಮೂಲಕವೇ ಇದು ಸಿಗುತ್ತದೆ. ಹಳೆಯ ಆವೃತ್ತಿಯಲ್ಲಿ ಆ ಸೌಕರ್ಯವಿಲ್ಲ. 3.3 ವೋಲ್ಟ್‌ನ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ತಂದು ಪಿಎ9ನ್ನು ಅದರ ಆರ್‌ಎಕ್ಸ್‌ಗೆ, ಪಿಎ10ನ್ನು ಟಿಎಕ್ಸ್‌ಗೆ, ಗ್ರೌಂಡನ್ನು ಗ್ರೌಂಡ್‌ಗೆ ಜೋಡಿಸಬೇಕು. ಕರ್ನಲ್ ಸರಿಯಾಗಿಯೇ ಬೂಟ್ ಆಗಿ, ಕೇಳುವವರಿಲ್ಲದ ಪಿನ್‌ಗೆ ಮಾತಾಡುತ್ತಿರುವ ಸಾಧ್ಯತೆಯೇ ಹೆಚ್ಚು.

ತಂತಿ ಸರಿಯಿದ್ದರೆ ವಿಳಾಸಗಳನ್ನು ನೋಡಿ. ಇಲ್ಲಿ ಮೂರು ಫೈಲುಗಳು ಮೂರು ಕಡೆ ಕೂರಬೇಕು. ಎಎಫ್‌ಬೂಟ್ ಎಂಬ ಪುಟ್ಟ ಬೂಟ್‌ಲೋಡರ್ ಹೆಕ್ಸ್ 08000000ದಲ್ಲಿ, ಡಿವೈಸ್ ಟ್ರೀ (ಬೋರ್ಡ್‌ನ ಹಾರ್ಡ್‌ವೇರ್ ವಿವರದ ಫೈಲ್) 08004000ದಲ್ಲಿ, ಕರ್ನಲ್ 08008000ದಲ್ಲಿ. ಕರ್ನಲ್ ರ‍್ಯಾಮ್‌ಗೆ ನಕಲಾಗದೆ ಫ್ಲ್ಯಾಶ್‌ನಿಂದಲೇ ಓಡುವುದರಿಂದ (ಇದಕ್ಕೇ ಎಕ್ಸ್‌ಐಪಿ ಎನ್ನುವುದು) ಕರ್ನಲ್ ಸಂರಚನೆಯಲ್ಲಿ ಕೊಟ್ಟ ಎಕ್ಸ್‌ಐಪಿ ವಿಳಾಸವೂ ನೀವು ಬರೆದ ಜಾಗವೂ ಒಂದೇ ಆಗಿರಬೇಕು. ಬೇರೆಯಾದರೆ ಮೊದಲ ಅಕ್ಷರಕ್ಕೂ ಮುಂಚೆಯೇ ಕಥೆ ಮುಗಿಯುತ್ತದೆ.

ಆಮೇಲೆ ಗಾತ್ರ. 2 ಎಂಬಿ ಎಂದರೆ 2048 ಕೆಬಿ. ಮೊದಲ 32 ಕೆಬಿ ಬೂಟ್‌ಲೋಡರ್ ಮತ್ತು ಡಿವೈಸ್ ಟ್ರೀಗೆ ಹೋದರೆ ಕರ್ನಲ್‌ಗೆ ಉಳಿಯುವುದು 2016 ಕೆಬಿ. ಬ್ಯುಸಿಬಾಕ್ಸ್ (ಸಾಮಾನ್ಯ ಆಜ್ಞೆಗಳ ಕಟ್ಟು) ಇರುವ, ಬೂಟ್ ಆಗುವಾಗ ರ‍್ಯಾಮ್‌ಗೆ ಬಿಚ್ಚಿಕೊಳ್ಳುವ ಫೈಲ್ ವ್ಯವಸ್ಥೆಯಾದ ಇನಿಟ್‌ರ‍್ಯಾಮ್‌ಎಫ್‌ಎಸ್ ಕೂಡ ಇದರೊಳಗೇ ಅಡಗಿರುತ್ತದೆ. ಹಾಗಾಗಿ ಬ್ಯುಸಿಬಾಕ್ಸ್‌ಗೆ ನಾಲ್ಕು ಆಜ್ಞೆ ಸೇರಿಸಿದರೂ ಕರ್ನಲ್ ಫೈಲೇ ದಪ್ಪಗಾಗುತ್ತದೆ. ಮಿತಿ ಮೀರಿದರೆ ಮೊದಲು ಕ್ಯಾಲ್‌ಸಿಮ್ಸ್ (ಕರ್ನಲ್‌ನ ಫಂಕ್ಷನ್ ಹೆಸರುಗಳ ಪಟ್ಟಿ) ತೆಗೆಯಿರಿ, ನಂತರ ನೆಟ್‌ವರ್ಕಿಂಗ್. ಈ ಬೋರ್ಡ್‌ನಲ್ಲಿ ಈಥರ್ನೆಟ್ ಇಲ್ಲವಾದ್ದರಿಂದ ಅದನ್ನು ಇಟ್ಟುಕೊಂಡು ಪ್ರಯೋಜನವೂ ಇಲ್ಲ.

ಎಎಫ್‌ಬೂಟ್ ಬಿಟ್ಟು ಸ್ವಂತ ಬೂಟ್‌ಲೋಡರ್ ಬರೆದಿದ್ದರೆ ಎಡವುವ ಜಾಗಗಳು ಬೇರೆ. ಈ ಬೋರ್ಡ್‌ನ ಎಸ್‌ಡಿರ‍್ಯಾಮ್ ಎರಡನೇ ಬ್ಯಾಂಕ್‌ನಲ್ಲಿದ್ದು ಸಹಜವಾಗಿ ಹೆಕ್ಸ್ ಡಿ0000000 ವಿಳಾಸದಲ್ಲಿ ಕಾಣಿಸುತ್ತದೆ. ಈ ಚಿಪ್‌ನ ಕಾರ್ಟೆಕ್ಸ್-ಎಂ ಪ್ರೊಸೆಸರ್ ವಿನ್ಯಾಸದ ಪ್ರಕಾರ ಆ ಪ್ರದೇಶದಿಂದ ಕೋಡ್ ಓಡಿಸುವಂತಿಲ್ಲ. ಓದಬಹುದು, ಬರೆಯಬಹುದು, ಮೆಮೊರಿ ಪರೀಕ್ಷೆಯೂ ಪಾಸಾಗುತ್ತದೆ. ಕರ್ನಲ್ ಕೂಡ ಫ್ಲ್ಯಾಶ್‌ನಲ್ಲಿರುವುದರಿಂದ ಓಡುತ್ತದೆ. ಮೊದಲ ಯೂಸರ್ ಪ್ರೋಗ್ರಾಂ ರ‍್ಯಾಮ್‌ನಲ್ಲಿ ಶುರುವಾದ ಕ್ಷಣ ಫಾಲ್ಟ್! ಇದಕ್ಕೆ ಮದ್ದು, ಸಿಸ್‌ಸಿಎಫ್‌ಜಿ ರಿಜಿಸ್ಟರ್‌ನಲ್ಲಿ ಎಫ್‌ಎಂಸಿ (ಹೊರಗಿನ ಮೆಮೊರಿಯ ನಿಯಂತ್ರಕ) ಅದಲುಬದಲು ಬಿಟ್ ಹಾಕುವುದು. ಆಗ ಅದೇ ರ‍್ಯಾಮ್ 90000000ದಲ್ಲಿ ಸಿಗುತ್ತದೆ, ಡಿವೈಸ್ ಟ್ರೀ ನಿರೀಕ್ಷಿಸುವುದೂ ಅಲ್ಲೇ.

ಎಸ್‌ಡಿರ‍್ಯಾಮ್ ರಿಫ್ರೆಶ್ (ಡೇಟಾ ಅಳಿಯದಂತೆ ಆಗಾಗ ಮತ್ತೆ ಬರೆಯುವುದು) ಲೆಕ್ಕ ಹೀಗೆ: 64 ಮಿಲಿಸೆಕೆಂಡಿಗೆ 4096 ಸಾಲು, ಅಂದರೆ ಸಾಲಿಗೆ ಸುಮಾರು 15.62 ಮೈಕ್ರೊಸೆಕೆಂಡ್. ಎಸ್‌ಡಿರ‍್ಯಾಮ್ ಗಡಿಯಾರ 90 ಮೆಗಾಹರ್ಟ್ಜ್ ಇದ್ದರೆ ಗುಣಿಸಿದಾಗ 1406, ಅದರಲ್ಲಿ ಸುರಕ್ಷತೆಗೆ 20 ಕಳೆದರೆ 1386; ರಿಫ್ರೆಶ್ ರಿಜಿಸ್ಟರ್‌ಗೆ ಬರೆಯುವುದು ಇದನ್ನೇ. ಗಡಿಯಾರವನ್ನು ಇಳಿಸಿ ಈ ಅಂಕಿಯನ್ನು ಹಾಗೇ ಬಿಟ್ಟರೆ ರಿಫ್ರೆಶ್ ತಡವಾಗಿ, ಬೋರ್ಡ್ ಬಿಸಿಯಾದ ಮೇಲೆ ಮಾತ್ರ ಕಾಣಿಸಿಕೊಳ್ಳುವ ವಿಚಿತ್ರ ಕ್ರ್ಯಾಶ್‌ಗಳು ಶುರುವಾಗಬಹುದು. ಕೊನೆಯದಾಗಿ, ಕರ್ನಲ್‌ಗೆ ಜಿಗಿಯುವಾಗ ಆರ್0 ರಿಜಿಸ್ಟರ್‌ನಲ್ಲಿ ಸೊನ್ನೆ, ಆರ್2ರಲ್ಲಿ ಡಿವೈಸ್ ಟ್ರೀ ವಿಳಾಸ ಇರಲಿ, ಜಿಗಿಯುವ ವಿಳಾಸದ ಕೊನೆಯ ಬಿಟ್ 1 ಆಗಿರಲಿ. ಕಾರ್ಟೆಕ್ಸ್-ಎಂಗೆ ಥಂಬ್ ಎಂಬ ಆದೇಶಗಳ ಗುಂಪು ಬಿಟ್ಟರೆ ಬೇರೆ ಭಾಷೆ ಗೊತ್ತಿಲ್ಲ, ಆ ಬಿಟ್ ಮರೆತರೆ ಯೂಸೇಜ್ ಫಾಲ್ಟ್ ಖಚಿತ.

ಪ್ರಶ್ನೆ: ಬೂಟ್ ಆಗಿ ಶೆಲ್ ಬಂತು. ಆದರೆ ಸ್ವಲ್ಪ ಹೊತ್ತು ಆಜ್ಞೆಗಳನ್ನು ಕೊಡುತ್ತಿದ್ದಂತೆ ‘ಪೇಜ್ ಅಲೊಕೇಶನ್ ಫೇಲ್ಯೂರ್, ಆರ್ಡರ್ 8’ ಎಂದು ಬರುತ್ತದೆ. ಫ್ರೀ ಆಜ್ಞೆಯಲ್ಲಿ ನೋಡಿದರೆ 2 ಎಂಬಿಗೂ ಹೆಚ್ಚು ಖಾಲಿ ಇದೆ. ಇದೆಂಥ ಲೆಕ್ಕ?

ಉತ್ತರ: ಖಾಲಿ ಇದೆ, ಒಟ್ಟಿಗಿಲ್ಲ. ಎಂಎಂಯು ಇದ್ದಿದ್ದರೆ ಅಲ್ಲೊಂದು ಇಲ್ಲೊಂದು ಬಿದ್ದಿರುವ 4 ಕೆಬಿ ಪುಟಗಳನ್ನು ಹೊಲಿದು ಪ್ರೋಗ್ರಾಂಗೆ ಒಂದೇ ಸಾಲಾಗಿ ತೋರಿಸುತ್ತಿತ್ತು. ಇಲ್ಲಿ ಭೌತಿಕ ವಿಳಾಸವೇ ನಿಜವಾದ ವಿಳಾಸ, ಆದ್ದರಿಂದ ಪ್ರೋಗ್ರಾಂಗೆ ಬೇಕಾದಷ್ಟೂ ಜಾಗ ಒಂದೇ ತುಂಡಾಗಿ ಸಿಗಬೇಕು. ಸಾಲದ್ದಕ್ಕೆ ಕರ್ನಲ್ ತುಂಡು ಕೊಡುವುದು ಎರಡರ ಘಾತದಲ್ಲಿ: ಆರ್ಡರ್ 0 ಎಂದರೆ 4 ಕೆಬಿ, ಆರ್ಡರ್ 8 ಎಂದರೆ 1 ಎಂಬಿ. 520 ಕೆಬಿ ಬೇಕಾದರೂ ಮೊದಲು 1 ಎಂಬಿಯ ಇಡೀ ತುಂಡು ಹುಡುಕುತ್ತದೆ, ಸಿಕ್ಕ ಮೇಲೆ ಮಿಕ್ಕದ್ದನ್ನು ಕತ್ತರಿಸಿ ಹಿಂದಿರುಗಿಸುತ್ತದೆ. ಪ್ರೊಕ್ ಅಡಿಯಲ್ಲಿರುವ ‘ಬಡಿಇನ್ಫೊ’ ಫೈಲ್ ತೆರೆದು ನೋಡಿ. ಬಲತುದಿಯ ಅಂಕಣಗಳೆಲ್ಲ ಸೊನ್ನೆಯಾಗಿ ಎಡಗಡೆ ಮಾತ್ರ ಅಂಕಿಗಳಿದ್ದರೆ ಮೆಮೊರಿ ಚೂರುಚೂರಾಗಿದೆ ಎಂದರ್ಥ.

ಇನ್ನೊಂದು ಕಾರಣ ಬ್ಯುಸಿಬಾಕ್ಸೇ. ಅದು ಒಂದೇ ಫೈಲ್; ಎಲ್‌ಎಸ್, ಕ್ಯಾಟ್, ಶೆಲ್ ಎಲ್ಲವೂ ಅದರೊಳಗೆ. ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲಿ ಅದರ ಒಂದು ಪ್ರತಿ ಈಗಾಗಲೇ ರ‍್ಯಾಮ್ ತಿಂದಿರುತ್ತದೆ. ಪೂರ್ತಿ ರ‍್ಯಾಮ್‌ಗೆ ಲೋಡ್ ಆಗುವ ಬಿಎಫ್‌ಎಲ್‌ಟಿ ಎಂಬ ಪ್ರೋಗ್ರಾಂ ಫೈಲ್ ಮಾದರಿಯಾದರೆ, ನೀವು ಆಜ್ಞೆ ಕೊಟ್ಟಾಗಲೆಲ್ಲ ಇನ್ನೊಂದು ಪೂರ್ಣ ಪ್ರತಿ. ಮೂರು ಆಜ್ಞೆಗಳನ್ನು ಪೈಪ್‌ನಲ್ಲಿ ಜೋಡಿಸಿದರೆ ಮೂರು ಪ್ರತಿ.

ಪರಿಹಾರವನ್ನು ಈ ಕ್ರಮದಲ್ಲಿ ಮಾಡಿ. ಬ್ಯುಸಿಬಾಕ್ಸ್‌ನಲ್ಲಿ ಬೇಡದ ಆಜ್ಞೆಗಳನ್ನು ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಿ. ಗಾತ್ರ 512 ಕೆಬಿಯ ಒಳಗೆ ಬಂದರೆ ಹುಡುಕುವ ತುಂಡು ಒಂದು ಮೆಟ್ಟಿಲು ಇಳಿಯುತ್ತದೆ, ಅಷ್ಟರಿಂದಲೇ ತೊಂದರೆ ನಿಲ್ಲುವುದುಂಟು. ಸದಾ ಓಡುತ್ತಿರಬೇಕಾದ ಪ್ರೋಗ್ರಾಂಗಳನ್ನು ಬೂಟ್ ಆದ ಕೂಡಲೇ, ಮೆಮೊರಿ ಚೂರಾಗುವ ಮುನ್ನವೇ ಶುರು ಮಾಡಿ. ಟೂಲ್‌ಚೈನ್ (ಕಂಪೈಲರ್ ಮತ್ತು ಜೊತೆಗಿನ ಸಾಧನಗಳು) ಬೆಂಬಲವಿದ್ದರೆ ಎಫ್‌ಡಿಪಿಕ್ ಎಂಬ ಇನ್ನೊಂದು ಮಾದರಿಗೆ ಹೋಗಿ. ಎಆರ್‌ಎಂಗೆ ಇದರ ಬೆಂಬಲ ಜಿಸಿಸಿ ಕಂಪೈಲರ್‌ನ 10ನೇ ಆವೃತ್ತಿಯಿಂದ ಇದೆ. ಅದರಲ್ಲಿ ಕೋಡ್ ಭಾಗವನ್ನು ಎಲ್ಲ ಪ್ರಕ್ರಿಯೆಗಳೂ ಹಂಚಿಕೊಳ್ಳಬಹುದು. ಕ್ರ್ಯಾಮ್‌ಎಫ್‌ಎಸ್ ಫೈಲ್ ವ್ಯವಸ್ಥೆಯನ್ನು ನೇರ ವಿಳಾಸಕ್ಕೆ ಸಿಗುವ ಫ್ಲ್ಯಾಶ್‌ನಲ್ಲಿಟ್ಟರೆ ಕೋಡ್ ಅಲ್ಲಿಂದಲೇ ಓಡುತ್ತದೆ, ಕರ್ನಲ್ 4.15ರಿಂದ ಈ ಅನುಕೂಲವಿದೆ. ಎಫ್429ರ ಫ್ಲ್ಯಾಶ್‌ನಲ್ಲಿ ಅದಕ್ಕೆ ಜಾಗ ಹೊಂದಿಸುವುದು ಕಷ್ಟ. ಕ್ಯೂಎಸ್‌ಪಿಐ ಎಂಬ ಹೊರಗಿನ ಫ್ಲ್ಯಾಶ್ ಇರುವ ಬೋರ್ಡುಗಳಲ್ಲಿ ಇದು ಅರ್ಥಪೂರ್ಣ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡುವ ನನ್ನ ಸಿ ಪ್ರೋಗ್ರಾಂ ಇಲ್ಲಿ ಕಂಪೈಲೇ ಆಗುತ್ತಿಲ್ಲ. ಫೋರ್ಕ್ (ಪ್ರಕ್ರಿಯೆಯ ಪ್ರತಿ ಮಾಡುವ ಕರೆ) ತೆಗೆದ ಮೇಲೆ ಕಂಪೈಲ್ ಆಯಿತು, ಈಗ ಬೇರೆ ಬೇರೆ ಕಡೆ ಕ್ರ್ಯಾಶ್ ಆಗುತ್ತಿದೆ.

ಉತ್ತರ: ಫೋರ್ಕ್ ಇಲ್ಲಿ ಇಲ್ಲ, ಬರುವುದೂ ಇಲ್ಲ, ಒಂದೇ ವಿಳಾಸದಲ್ಲಿ ಎರಡು ಪ್ರತಿ ತೋರಿಸಲು ಎಂಎಂಯು ಬೇಕು. ವಿಫೋರ್ಕ್ ಬಳಸಿ ಕೂಡಲೇ ಎಕ್ಸೆಕ್ ಮಾಡಿ (ಅಂದರೆ ಹೊಸ ಪ್ರೋಗ್ರಾಂ ಶುರು ಮಾಡಿ), ಇಲ್ಲವೇ ಥ್ರೆಡ್ ಬಳಸಿ. ವಿಫೋರ್ಕ್ ಆದಮೇಲೆ ಮಗು ಪ್ರಕ್ರಿಯೆ ತಾಯಿಯ ಸ್ಟ್ಯಾಕ್ ಮೇಲೆಯೇ ಓಡುತ್ತಿರುತ್ತದೆ. ಆ ಫಂಕ್ಷನ್‌ನಿಂದ ಹಿಂತಿರುಗಬೇಡಿ, ಎಕ್ಸೆಕ್ ವಿಫಲವಾದರೆ ಅಂಡರ್‌ಸ್ಕೋರ್ ಇರುವ ಎಕ್ಸಿಟನ್ನೇ ಕರೆಯಿರಿ. ಬ್ಯುಸಿಬಾಕ್ಸ್‌ನ ಆ್ಯಶ್ ಶೆಲ್ ಇಲ್ಲಿ ನಡೆಯದೆ ಹಶ್ ಬಳಸಬೇಕಾಗುವುದೂ ಇದೇ ಕಾರಣಕ್ಕೆ.

ಬೇರೆ ಬೇರೆ ಕಡೆ ಕ್ರ್ಯಾಶ್ ಎಂದಿರಿ, ಸ್ಟ್ಯಾಕ್ ಮೇಲೆ ಅನುಮಾನ. ಬಿಎಫ್‌ಎಲ್‌ಟಿ ಪ್ರೋಗ್ರಾಂಗೆ ಸಹಜವಾಗಿ ಸಿಗುವುದು 4 ಕೆಬಿ ಸ್ಟ್ಯಾಕ್, ಅದು ಬೆಳೆಯುವುದಿಲ್ಲ. ಫಂಕ್ಷನ್ ಒಳಗೆ 4096 ಬೈಟ್‌ನ ಒಂದು ಬಫರ್ ಘೋಷಿಸಿದರೆ ಮುಗಿಯಿತು. ಕಾವಲು ಪುಟ ಇಲ್ಲದ ಕಾರಣ ಉಕ್ಕಿದ್ದು ಪಕ್ಕದ ಡೇಟಾವನ್ನು ಸದ್ದಿಲ್ಲದೆ ಕೆಡಿಸುತ್ತದೆ, ಕ್ರ್ಯಾಶ್ ಆಗುವುದು ಮತ್ತೆಲ್ಲೋ. ಎಫ್‌ಎಲ್‌ಟಿಎಚ್‌ಡಿಆರ್ ಸಾಧನದ ‘ಎಸ್’ ಆಯ್ಕೆಗೆ 16384 ಕೊಟ್ಟು ನೋಡಿ. ಕ್ರ್ಯಾಶ್ ನಿಂತರೆ ಕಾರಣ ಸಿಕ್ಕಿತು, ಆಮೇಲೆ ದೊಡ್ಡ ಬಫರುಗಳನ್ನು ಸ್ಟ್ಯಾಟಿಕ್ ಮಾಡಿ.

ಪ್ರಶ್ನೆ: ಇಎಸ್‌ಪಿ32-ಎಸ್3 ಕೊಳ್ಳುವಾಗ ಏನು ನೋಡಬೇಕು? ವೈಫೈ ಸಿಗುತ್ತದೆಯೇ?

ಉತ್ತರ: ಮಾಡ್ಯೂಲಿನ ಲೋಹದ ಮುಚ್ಚಳದ ಮೇಲೆ ಎನ್8ಆರ್8 ಅಥವಾ ಎನ್16ಆರ್8 ಎಂದಿರಬೇಕು. ಎನ್ ಮುಂದಿನದು ಫ್ಲ್ಯಾಶ್, ಆರ್ ಮುಂದಿನದು ಪಿಎಸ್‌ರ‍್ಯಾಮ್, ಎರಡೂ ಎಂಬಿಯಲ್ಲಿ. ಆರ್2 ಬೇಡವೇ ಬೇಡ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ‘ಎಸ್3 ಬೋರ್ಡ್’ ಎಂದಷ್ಟೇ ಕೇಳಿದರೆ ಯಾವುದೂ ಕೈಗೆ ಬರಬಹುದು. ಆರ್8ರಲ್ಲಿ ಪಿಎಸ್‌ರ‍್ಯಾಮ್ ಎಂಟು ತಂತಿಯದಾದ್ದರಿಂದ ಜಿಪಿಐಒ 35, 36, 37 ಅದಕ್ಕೇ ಮೀಸಲು. ಅವಕ್ಕೆ ಸೆನ್ಸರ್ ಜೋಡಿಸಬೇಡಿ. ವೈಫೈ ಸಿಗುತ್ತದೆ: ಒಂದು ಕೋರ್‌ನಲ್ಲಿ ಚಿಪ್ ತಯಾರಕ ಎಸ್ಪ್ರೆಸಿಫ್‌ನ ಫರ್ಮ್‌ವೇರ್ ರೇಡಿಯೊ ನೋಡಿಕೊಳ್ಳುತ್ತದೆ, ಇನ್ನೊಂದರಲ್ಲಿ ಲಿನಕ್ಸ್. ಮ್ಯಾಕ್ಸ್ ಫಿಲಿಪ್ಪೊವ್ ಅವರ ಬಿಲ್ಡ್ ಸ್ಕ್ರಿಪ್ಟ್ ಇದೆಲ್ಲವನ್ನೂ ಕಟ್ಟಿಕೊಡುತ್ತದೆ. ಟೂಲ್‌ಚೈನ್ ಕೂಡ ಮೊದಲಿಂದ ಕಟ್ಟಬೇಕಾದ್ದರಿಂದ ಡಿಸ್ಕ್‌ನಲ್ಲಿ ಧಾರಾಳ ಜಾಗ ಬಿಟ್ಟುಕೊಂಡು ಶುರು ಮಾಡಿ.

ಪ್ರಶ್ನೆ: ತೋಟದ ಪಂಪ್‌ಸೆಟ್ ನಿಯಂತ್ರಣ ಸಾಧನ ಮಾಡಿ ಮಾರುವ ಯೋಚನೆ ಇದೆ. ಎಂಕ್ಯೂಟಿಟಿ (ಸಾಧನಗಳು ಸಂದೇಶ ಕಳಿಸುವ ವಿಧಾನ), ನಾಲ್ಕು ರಿಲೇ, ಎರಡು ಸೆನ್ಸರ್. ಎಫ್429 ಮೇಲೆ ಲಿನಕ್ಸ್ ಹಾಕಲೇ?

ಉತ್ತರ: ಬೇಡ. ಒಂದು ಪ್ರೋಗ್ರಾಂನ ಕೆಟ್ಟ ಪಾಯಿಂಟರ್ ಇಲ್ಲಿ ಕರ್ನಲ್ಲನ್ನೇ ಕೆಡಿಸಬಲ್ಲದು, ಅಂದರೆ ಲಿನಕ್ಸ್‌ನ ಭಾರ ಹೊತ್ತೂ ಅದರ ಮುಖ್ಯ ರಕ್ಷಣೆ ಸಿಗುವುದಿಲ್ಲ. ನೀವು ಹೇಳಿದ ಪಟ್ಟಿಗೆ ಸಾಮಾನ್ಯ ಇಎಸ್‌ಪಿ32 ಮೇಲೆ ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಧಾರಾಳ ಸಾಕು. ಶೆಲ್, ಫೈಲ್, ಪೋಸಿಕ್ಸ್ (ಯುನಿಕ್ಸ್ ಶೈಲಿಯ) ಕರೆಗಳು ಬೇಕೇಬೇಕು ಎನಿಸಿದರೆ ನಟ್‌ಎಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ನೋಡಿ.

ಮುಂದೆ ಕ್ಯಾಮೆರಾ, ಸ್ಥಳೀಯ ವೆಬ್ ಪುಟ, ಡೇಟಾಬೇಸ್ ಸೇರಿಸುವ ಇರಾದೆಯಿದ್ದು ಲಿನಕ್ಸೇ ಬೇಕಾದರೆ ಎಂಎಂಯು ಇರುವ ಚಿಪ್ ಹಿಡಿಯಿರಿ. ಆಲ್‌ವಿನ್ನರ್ ಎಫ್1ಸಿ200ಎಸ್ ಒಳಗೇ 64 ಎಂಬಿ ಡಿಡಿಆರ್ ಇದೆ. ರ‍್ಯಾಮ್ ತಂತಿಗಳನ್ನು ಬೋರ್ಡ್ ಮೇಲೆ ಎಳೆಯುವ ತಲೆನೋವಿಲ್ಲದ ಕಾರಣ ಎರಡು ಪದರದ ಪಿಸಿಬಿ ಸಾಕಾಗುತ್ತದೆ, 3.3, 2.5 ಮತ್ತು 1.1 ವೋಲ್ಟ್ ಪೂರೈಕೆಗಳು ಬೇಕು. ಪಂಪ್‌ಸೆಟ್ ಇರುವ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಆದ್ದರಿಂದ ಬರೆಯಬಹುದಾದ ಎಸ್‌ಡಿ ಕಾರ್ಡ್ ಮೇಲೆ ರೂಟ್ (ಮುಖ್ಯ ಫೈಲ್ ವ್ಯವಸ್ಥೆ) ಇಡಬೇಡಿ. ಎಸ್‌ಪಿಐ ನಾರ್ ಫ್ಲ್ಯಾಶ್‌ನಲ್ಲಿ ಓದಲಷ್ಟೇ ಆಗುವ ಸ್ಕ್ವಾಶ್‌ಎಫ್‌ಎಸ್ ರೂಟ್, ಸಂರಚನೆಗೆ ಚಿಕ್ಕದೊಂದು, ಬರೆಯಬಹುದಾದ ಜೆಎಫ್‌ಎಫ್‌ಎಸ್2 ವಿಭಾಗ, ಲಾಗ್‌ಗಳು ರ‍್ಯಾಮ್‌ನಲ್ಲಿ. ಹಾರ್ಡ್‌ವೇರ್ ವಾಚ್‌ಡಾಗ್ (ಸಿಸ್ಟಮ್ ಸ್ತಬ್ಧವಾದರೆ ರಿಸೆಟ್ ಮಾಡುವ ಗಡಿಯಾರ) ಚಾಲೂ ಇರಲಿ. ರಿಸೆಟ್ ಆಗಿ ಲಿನಕ್ಸ್ ಮತ್ತೆ ಏಳುವ ತನಕ ರಿಲೇಗಳು ತಾವಾಗಿಯೇ ಆಫ್ ಆಗಿರುವಂತೆ ಪುಲ್-ಡೌನ್ ರೆಸಿಸ್ಟರ್ ಹಾಕಿ.